ಊರ ಗೇಟಿಗೆ ಹಂಪ್ ಒಂದೇನಾ ಮದ್ದು? ರಸ್ತೆ ಬಗ್ಗೆ ಓದುಗರ ಪ್ರಶ್ನೆ, ಉತ್ತರ

ಹೋದ ಸಂಚಿಕೇಲಿ "ನಿಮ್ಮೂರ ರೋಡಲ್ಲಿ ಭಯ ಆಗೋ ಜಾಗ ಯಾವ್ದು, ಬರೀರಿ" ಅಂತ ಕೇಳಿದ್ವಿ. ಬಂದ ಕಾಗದ, ವಾಟ್ಸಾಪ್ ಮೆಸೇಜ್ ಓದ್ತಾ ಎರಡು ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ ನಂಗೆ, ಯಾಕಂದ್ರೆ ಸುಮಾರು ಜನ ಸತ್ತವರ ವಯಸ್ಸು, ಅವತ್ತು ಅವ್ರು ಯಾವ ಕೆಲ್ಸಕ್ಕೆ ಹೊರಟಿದ್ರು ಅನ್ನೋದನ್ನೂ ಬರ್ದಿದ್ರು. ನಾನು ಸರ್ಕಾರಿ ಇಂಜಿನಿಯರ್ ಆಗಿ ರಿಟೈರ್ ಆದವನು, ಹಳೇ ರಸ್ತೆಗಳ ಸುರಕ್ಷತೆ ತಪಾಸಣೆ ಮಾಡೋ ತಂಡಗಳ ಜೊತೆ ಬಹಳ ತಿರುಗಿದ್ದೀನಿ. ಗೊತ್ತಿರೋದನ್ನ ಹೇಳ್ತೀನಿ. ಹೆಸರು ಹಾಕಿಲ್ಲ, ಯಾವ ಕಡೆಯವರು ಅಂತ ಮಾತ್ರ ಹಾಕಿದ್ದೀನಿ.

ಪ್ರಶ್ನೆ: ಸರ್, ನಮ್ಮೂರ ಗೇಟ್ ಹತ್ರ ನ್ಯಾಷನಲ್ ಹೈವೇ ಹೋಗತ್ತೆ. ಮೂರು ವರ್ಷದಲ್ಲಿ ನಾಲ್ಕು ಜನ ಹೋದ್ರು, ಇಬ್ರು ಕಾಲು ಕಳ್ಕೊಂಡು ಮನೇಲಿದ್ದಾರೆ. ಹಂಪ್ ಹಾಕಿ ಅಂತ ರಸ್ತೆ ತಡೆ ಮಾಡಿದ್ವಿ, ಹೈವೇಲಿ ಹಂಪ್ ಹಾಕೋ ಹಾಗಿಲ್ಲ ಅಂದ್ರು. ಬ್ಲಾಕ್ ಸ್ಪಾಟ್ (ಪದೇ ಪದೇ ಅಪಘಾತ ಆಗೋ ಜಾಗ) ಲಿಸ್ಟಲ್ಲಿ ನಿಮ್ಮೂರಿಲ್ಲ ಅಂತಾನೂ ಅಂದ್ರು. ಏನ್ ಮಾಡೋದು? (ತಿಪಟೂರು ಕಡೆಯ ಯುವಕರು)

ಉತ್ತರ: ನಾಲ್ಕು ಮನೆ ದೀಪ ಆರಿದೆ ನಿಮ್ಮೂರಲ್ಲಿ. ನೀವು ರೋಡಿಗೆ ಕೂತಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಕೇಳಿದ ವಸ್ತು ಸರಿಯಿಲ್ಲ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ಎಂಬತ್ತು ತೊಂಬತ್ತರಲ್ಲಿ ಬರೋ ಲಾರಿಗೆ ಕತ್ತಲಲ್ಲಿ ದಿಢೀರ್ ಅಂತ ಹಂಪ್ ಎದುರಾದ್ರೆ ಅವನು ಬ್ರೇಕ್ ಒತ್ತುತ್ತಾನೆ, ಹಿಂದಿನವನು ಬಂದು ಗುದ್ದುತ್ತಾನೆ, ಇಲ್ಲಾಂದ್ರೆ ಬೈಕಿನ ಹಿಂದೆ ಕೂತ ಹೆಣ್ಮಗಳು ಎಗರಿ ಬೀಳ್ತಾಳೆ. ಅದಕ್ಕೇ ನ್ಯಾಷನಲ್ ಹೈವೇ ಮೇಲೆ ಬೇಡ ಅನ್ನೋದು. ಆದ್ರೆ ಇನ್ನೊಂದು ಜಾಗ ಇದೆ. ನಿಮ್ಮೂರಿನ ರೋಡು ಹೈವೇಗೆ ಬಂದು ಸೇರತ್ತಲ್ಲ, ಆ ಸಣ್ಣ ರೋಡಿನ ಮೇಲೆ, ಸೇರೋದಕ್ಕೆ ಸ್ವಲ್ಪ ಮುಂಚೆ ಹಂಪ್ ಹಾಕ್ಬಹುದು, ಹಾಕ್ಲೇಬೇಕು. ಊರಿಂದ ಬರೋ ಬೈಕು, ಟ್ರಾಕ್ಟರು ಅಲ್ಲಿ ನಿಧಾನ ಆಗಿ ಎರಡೂ ಕಡೆ ನೋಡಿ ಹತ್ತತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಅಂತ ರಸ್ತೆ ನಿಯಮ ಬರೆಯೋ ಸಂಸ್ಥೆ ಇದೆ, ಅವ್ರ ಅಳತೆ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಉದ್ದ, ಮಧ್ಯ 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟೋ ಹಾಗಿರ್ಬೇಕು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಜಲ್ಲಿ ಸಿಮೆಂಟ್ ಸುರಿದು ದಿಂಡು ಕಟ್ತಾರಲ್ಲ, ಅದು ಹಂಪ್ ಅಲ್ಲ, ಬಸುರಿ ಹೆಂಗಸರಿಗೆ, ಬೆನ್ನು ನೋವಿನವರಿಗೆ ಅದು ಶಿಕ್ಷೆ.

ಈಗ ಬ್ಲಾಕ್ ಸ್ಪಾಟ್ ವಿಷಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕ ಏನಂದ್ರೆ, ನ್ಯಾಷನಲ್ ಹೈವೇಲಿ ಸುಮಾರು 500 ಮೀಟರ್ ಒಳಗೆ, ಮೂರು ವರ್ಷ ಸೇರಿಸಿ, ಸಾವು ಇಲ್ಲಾ ಭಾರಿ ಗಾಯ ಆಗಿರೋ ಅಪಘಾತ 5 ಆಗಿರ್ಬೇಕು, ಅಥವಾ ಸತ್ತವರ ಸಂಖ್ಯೆ 10 ಆಗಿರ್ಬೇಕು. ಸರಿಯಾಗಿ ನೋಡಿ, 5 ಸಾವು ಅಲ್ಲ, 5 ಅಪಘಾತ, ಭಾರಿ ಗಾಯ ಆಗಿದ್ರೂ ಲೆಕ್ಕಕ್ಕೆ ಬರತ್ತೆ. ನಿಮ್ಮ ನಾಲ್ಕು ಸಾವು, ಎರಡು ಕಾಲು ಹೋದ ಕೇಸು ಬೇರೆ ಬೇರೆ ಅಪಘಾತ ಆಗಿದ್ರೆ ಆರಾಯ್ತು, ನೀವು ಲಿಸ್ಟಲ್ಲಿ ಇರ್ಬೇಕಿತ್ತು! ಯಾಕಿಲ್ಲ ಅಂದ್ರೆ ನನ್ನ ಅನುಭವದಲ್ಲಿ ಎರಡು ಕಾರಣ. ಒಂದು, ಗಾಯ ಆದವರ ಕಡೆಯವರು ಕೇಸೇ ಕೊಟ್ಟಿರಲ್ಲ, ಅಲ್ಲೇ ಮಾತಾಡ್ಕೊಂಡು ದುಡ್ಡು ಇಸ್ಕೊಂಡು ಮುಗಿಸಿರ್ತಾರೆ. ಇನ್ನೊಂದು, ಎಫ್‌ಐಆರಲ್ಲಿ ಜಾಗ ಸರಿಯಾಗಿ ಬರ್ದಿರಲ್ಲ, ಒಂದರಲ್ಲಿ ಊರಿನ ಗೇಟ್ ಹತ್ರ ಅಂತ, ಇನ್ನೊಂದರಲ್ಲಿ ಪಕ್ಕದ ಊರಿನ ಪೆಟ್ರೋಲ್ ಬಂಕ್ ಮುಂದೆ ಅಂತ, ಎರಡೂ ನೂರು ಮೀಟರ್ ಅಂತರದಲ್ಲೇ ಇದ್ರೂ ಲೆಕ್ಕದಲ್ಲಿ ಬೇರೆ ಬೇರೆ ಜಾಗ ಆಗ್ಬಿಡತ್ತೆ. ಈಗ ಪೊಲೀಸ್ರು ಮೊಬೈಲ್ ಆಪಲ್ಲಿ ಅಪಘಾತದ ಜಾಗವನ್ನ ಜಿಪಿಎಸ್ ಸಮೇತ ಹಾಕೋ ವ್ಯವಸ್ಥೆ ಇದೆ, ಐರಾಡ್ ಅಂತ, ಮದ್ರಾಸ್ ಐಐಟಿಯವರು ಮಾಡಿದ್ದು, ಮೊದ್ಲು ಶುರು ಮಾಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳೇ ಕೇಸಿಗೆ ಮಾತ್ರ ನೀವೇ ಓಡಾಡ್ಬೇಕು. ಸ್ಟೇಷನ್ನಿಗೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, ಮೂರು ವರ್ಷದ ಕೇಸಿನ ತಾರೀಕು, ಟೈಮು, ಜಾಗ, ಯಾವ ಗಾಡಿಗೆ ಯಾವ ಗಾಡಿ, ಇಷ್ಟು ಕೇಳಿ.

ಅದು ಕೈಗೆ ಬಂದ್ಮೇಲೆ ದೊಡ್ಡ ಹಾಳೆ ಮೇಲೆ ನಿಮ್ಮ ಗೇಟಿನ ಚಿತ್ರ ಬರೀರಿ. ಹೈವೇ, ಊರಿನ ರೋಡು, ಬಸ್ ಸ್ಟಾಪು, ಅಂಗಡಿ, ಮರ, ಕರೆಂಟ್ ಕಂಬ, ಎಲ್ಲಾ. ಒಂದೊಂದು ಅಪಘಾತಕ್ಕೂ ಯಾವ ಕಡೆಯಿಂದ ಯಾವ ಗಾಡಿ ಬಂತು ಅಂತ ಬಾಣ ಹಾಕಿ, ಪಕ್ಕದಲ್ಲಿ ಟೈಮ್ ಬರೀರಿ. ಇದು ಮಕ್ಕಳಾಟ ಅಲ್ಲ, ಹಳೇ ರಸ್ತೆಯ ಕಾಯಿಲೆ ಹುಡುಕೋಕೆ ಇಂಜಿನಿಯರುಗಳು ಮಾಡೋ ಮೊದಲ್ನೇ ಕೆಲ್ಸಾನೇ ಇದು. ನಾನು ಸರ್ವಿಸಲ್ಲಿದ್ದಾಗ ಒಂದು ಮೂರು ದಾರಿ ಕೂಡೋ ಜಾಗದಲ್ಲಿ ಏಳು ಅಪಘಾತ ಆಗಿತ್ತು, ಎಲ್ಲರೂ ಸ್ಪೀಡು ಸ್ಪೀಡು ಅಂತಿದ್ರು, ಬಾಣ ಹಾಕಿ ನೋಡಿದ್ರೆ ಐದು ಬಾಣ ಒಂದೇ ಥರ, ಊರಿಂದ ಬಂದು ಬಲಕ್ಕೆ ತಿರುಗೋ ಬೈಕು, ಬಲಗಡೆಯಿಂದ ಬರೋ ಗಾಡಿ. ಹೋಗಿ ಬೈಕಿನವನು ಕೂರೋ ಎತ್ತರಕ್ಕೆ ಬಗ್ಗಿ ನೋಡಿದೆ. ಬಸ್ ಶೆಲ್ಟರ್ ಗೋಡೆ, ಅದಕ್ಕೆ ಒರಗಿಸಿ ಕಟ್ಟಿದ ಫ್ಲೆಕ್ಸು, ಹೊಂಗೆ ಮರದ ರೆಂಬೆ, ಮೂರೂ ಸೇರಿ ಬಲಗಡೆ ರೋಡನ್ನ ಪೂರ್ತಿ ಮುಚ್ಚಿಬಿಟ್ಟಿತ್ತು. ಎಂಬತ್ತರಲ್ಲಿ ಬರೋ ಗಾಡಿ ಸೆಕೆಂಡಿಗೆ 22 ಮೀಟರ್ ಓಡತ್ತೆ, ಡ್ರೈವರ್ ನೋಡಿ ಕಾಲು ಬ್ರೇಕಿಗೆ ಹೋಗೋಷ್ಟರಲ್ಲೇ ಐವತ್ತು ಮೀಟರ್ ಮೇಲೆ ಹೋಗಿರತ್ತೆ, ಪೂರ್ತಿ ನಿಲ್ಲೋಕೆ 120 ಮೀಟರ್ ಬೇಕು ಅಂತ ನಿಯಮದಲ್ಲೇ ಇದೆ. ಅಲ್ಲಿ ಕಾಣ್ತಾ ಇದ್ದಿದ್ದು ಬರೀ ನಲವತ್ತು ಚಿಲ್ಲರೆ. ರೆಂಬೆ ಕಡಿದು ಫ್ಲೆಕ್ಸ್ ತೆಗೆಸೋಕೆ ಒಂದು ದಿನ ಸಾಕಾಯ್ತು, ಶೆಲ್ಟರ್ ಮುಂದಕ್ಕೆ ಸರಿಸೋಕೆ ಮಾತ್ರ ಎಂಟು ತಿಂಗಳು ಹಿಡೀತು. ಆ ಎಂಟು ತಿಂಗಳು ಆ ದಾರೀಲಿ ಹೋಗುವಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗ್ತಿತ್ತು.

ಹಗಲು ಒಂದೇ ನೋಡಿ ಬರ್ಬೇಡಿ. ರಾತ್ರಿ ಒಂದ್ಸಲ, ಮಳೇಲಿ ಒಂದ್ಸಲ ಹೋಗಿ. ನಮ್ಮ ದೇಶದಲ್ಲಿ ಅಪಘಾತ ಜಾಸ್ತಿ ಆಗೋದು ಸಂಜೆ ಆರರಿಂದ ಒಂಬತ್ತರ ಒಳಗೆ, ಆ ಹೊತ್ತಲ್ಲಿ ಬಿಳಿ ಪಟ್ಟೆ ಕಾಣತ್ತಾ, ಬೋರ್ಡು ಲೈಟಿಗೆ ಹೊಳೆಯತ್ತಾ, ಮೀಡಿಯನ್, ಅಂದ್ರೆ ರೋಡಿನ ಮಧ್ಯದ ವಿಭಜಕದ ತುದಿ ಗೊತ್ತಾಗತ್ತಾ ನೋಡಿ. ಹಗಲಲ್ಲಿ ಚೆಂದ ಕಾಣೋ ರೋಡು ರಾತ್ರಿ ಕರಿ ಬಾವಿ ಥರ ಇರತ್ತೆ.

ಇಷ್ಟು ಇಟ್ಕೊಂಡು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೀರಿ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೀಬೇಡಿ, ಅದಕ್ಕೆ ಉತ್ತರಾನೂ "ಪರಿಶೀಲಿಸಲಾಗುವುದು" ಅಂತಾನೇ ಬರತ್ತೆ. ಇಷ್ಟನೇ ಕಿಲೋಮೀಟರ್ ಕಲ್ಲಿನ ಹತ್ರ, ಇಂಥ ಕಡೆಯ ರೆಂಬೆ ಕಡೀರಿ, ಊರಿನ ರೋಡಿಗೆ ಹಂಪ್ ಹಾಕಿ, ಹೈವೇಲಿ ಎರಡೂ ಕಡೆಯಿಂದ ಅಡ್ಡ ಪಟ್ಟೆ, ಜಂಕ್ಷನ್ ಬೋರ್ಡು, ರಾತ್ರಿ ಲೈಟಿಗೆ ಹೊಳೆಯೋ ಕ್ಯಾಟ್ಸ್ ಐ, ದೊಡ್ಡ ಲೈಟು ಹಾಕಿ, ಬಲಕ್ಕೆ ತಿರುಗೋ ಗಾಡಿ ನಿಲ್ಲೋಕೆ ಬೇರೆ ಲೇನ್ ಬಿಡಿ. ಪಟ್ಟೆ, ಬೋರ್ಡು, ರೆಂಬೆ ಇವೆಲ್ಲ ತಕ್ಷಣದ ಕೆಲ್ಸ, ಅದಕ್ಕೆ ಮುಂದಿನ ಬಜೆಟ್ ಕಾಯೋ ಅಗತ್ಯ ಇಲ್ಲ. ಅಂಡರ್‌ಪಾಸ್, ಸರ್ವಿಸ್ ರೋಡ್ ಇವು ವರ್ಷಗಟ್ಲೆ ಹಿಡಿಯತ್ತೆ, ಅದನ್ನೂ ಕೇಳಿ, ಆದ್ರೆ ಅದು ಬರೋ ತನಕ ಇದನ್ನ ಬಿಡ್ಬೇಡಿ.

ಪ್ರಶ್ನೆ: ನಮ್ಮ ಸ್ಕೂಲ್ ಮುಂದೆ ರಾಜ್ಯ ಹೆದ್ದಾರಿ. ದೇವ್ರ ದಯೆ, ಇನ್ನೂ ಯಾರಿಗೂ ಏನೂ ಆಗಿಲ್ಲ. ಆದ್ರೆ ಮಕ್ಕಳು ರೋಡ್ ದಾಟೋವಾಗ ದಿನಾ ಜೀವ ಬಾಯಿಗೆ ಬರತ್ತೆ. ಅಪಘಾತ ಆಗಿಲ್ಲ ಅಂದ್ಮೇಲೆ ಏನಂತ ಅರ್ಜಿ ಕೊಡೋದು? (ಹಾವೇರಿ ಕಡೆಯ ಶಿಕ್ಷಕಿ)

ಉತ್ತರ: ಟೀಚರ್ರೇ, ನಿಮ್ಮ ಕಾಗದಾನೇ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತು. ಬ್ಲಾಕ್ ಸ್ಪಾಟ್ ಪದ್ಧತಿಯ ದೊಡ್ಡ ಕುಂದೇ ಇದು, ಹೆಣ ಬಿದ್ದ ಮೇಲೇ ಅದು ಎಚ್ಚರ ಆಗೋದು. ಅದಕ್ಕೇ ಸಾವು ಎಣಿಸೋ ಬದ್ಲು ಸ್ವಲ್ಪದರಲ್ಲಿ ತಪ್ಪಿದ್ದನ್ನ ಎಣಿಸೋ ದಾರೀನೂ ಇದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಮೂರು ದಿನ, ದೊಡ್ಡವರು ಇಬ್ರು ರೋಡಿಂದ ದೂರ ನಿಂತು ಬರ್ಕೊಳ್ಳಿ. ಗಾಡಿ ಕಿರ್ರ್ ಅಂತ ಬ್ರೇಕ್ ಹಾಕಿದ್ದು ಎಷ್ಟು, ಮಗು ಅರ್ಧ ದಾಟಿ ವಾಪಸ್ ಓಡಿದ್ದು ಎಷ್ಟು, ಬೈಕು ಪಕ್ಕಕ್ಕೆ ಎಳೆದು ತಪ್ಪಿಸ್ಕೊಂಡಿದ್ದು ಎಷ್ಟು. ಮಕ್ಕಳನ್ನ ಈ ಕೆಲ್ಸಕ್ಕೆ ಹಚ್ಬೇಡಿ.

ಜೊತೆಗೆ ವೇಗ ಅಳೀರಿ, ಮಷಿನ್ ಏನೂ ಬೇಡ. ರೋಡಿನ ಅಂಚಲ್ಲಿ ಟೇಪ್ ಹಿಡಿದು 50 ಮೀಟರ್ ಅಳೆದು ಎರಡೂ ತುದೀಲಿ ಸುಣ್ಣದ ಗುರುತು ಹಾಕಿ, ಮೊಬೈಲಿನ ಸ್ಟಾಪ್‌ವಾಚಲ್ಲಿ ಗಾಡಿ ಮೊದಲ ಗುರುತಿಂದ ಎರಡನೇ ಗುರುತಿಗೆ ಎಷ್ಟು ಸೆಕೆಂಡಲ್ಲಿ ಹೋಯ್ತು ನೋಡಿ. ನಾಲ್ಕೂವರೆ ಸೆಕೆಂಡ್ ಆದ್ರೆ 40 ಕಿ.ಮೀ. ವೇಗ, ಮೂರು ಸೆಕೆಂಡ್ ಆದ್ರೆ 60, ಎರಡೂಕಾಲು ಸೆಕೆಂಡಲ್ಲಿ ದಾಟಿದ್ರೆ 80. ನೂರು ಗಾಡಿ ಹೀಗೆ ಬರ್ಕೊಂಡು ನಿಧಾನದಿಂದ ಜೋರಿಗೆ ಸಾಲಾಗಿ ಜೋಡಿಸಿ, ಎಂಬತ್ತೈದನೇ ಗಾಡಿ ವೇಗ ಎಷ್ಟಿದೆ ನೋಡಿ. ಇಂಜಿನಿಯರುಗಳು ಆ ಒಂದು ಅಂಕಿ ಹಿಡ್ಕೊಂಡೇ ರಸ್ತೆ ಬಗ್ಗೆ ಮಾತಾಡೋದು, ನೂರರಲ್ಲಿ ಎಂಬತ್ತೈದು ಗಾಡಿ ಅದಕ್ಕಿಂತ ಜೋರು ಹೋಗ್ತಿಲ್ಲ ಅಂತ ಅರ್ಥ. ಬೋರ್ಡಲ್ಲಿ 30 ಅಂತಿದ್ದು ನಿಮ್ಮ ಎಂಬತ್ತೈದನೇ ಗಾಡಿ 65ರಲ್ಲಿ ಹೋಗ್ತಿದ್ರೆ, ಇನ್ನೊಂದು ಬೋರ್ಡ್ ನೆಟ್ಟು ಪ್ರಯೋಜನ ಇಲ್ಲ, ಆ ರೋಡಿನ ಆಕಾರಾನೇ ಡ್ರೈವರಿಗೆ "ಹೋಗು, ಜೋರಾಗಿ ಹೋಗು" ಅಂತ ಹೇಳ್ತಿದೆ. 30ರಲ್ಲಿ ಗುದ್ದಿದ್ರೆ ಮಗು ಬಹುಪಾಲು ಉಳಿಯತ್ತೆ ಟೀಚರ್ರೇ, 50 ದಾಟಿದ್ರೆ ಉಳಿಯೋ ಆಸೆ ಬೇಗ ಬೇಗ ಇಳೀತಾ ಹೋಗತ್ತೆ.

ಏನು ಕೇಳ್ಬೇಕು ಅಂದ್ರೆ, ಗೇಟಿನ ಎದುರೇ ಎತ್ತರಿಸಿದ ದಾಟು ಕಟ್ಟೆ, ಅಂದ್ರೆ ಜೀಬ್ರಾ ಪಟ್ಟೇನೇ ಫುಟ್‌ಪಾತಿನ ಎತ್ತರಕ್ಕೆ ಬರ್ಬೇಕು, ಅದಕ್ಕೆ ಮುಂಚೆ ಅಡ್ಡ ಪಟ್ಟೆ, ರೋಡಿನ ಮಧ್ಯ ಮಕ್ಕಳು ನಿಂತು ಉಸಿರು ತಗೊಳ್ಳೋಕೆ ಸಣ್ಣ ಕಟ್ಟೆ. ಇನ್ನೊಂದು ಕೆಲ್ಸ ನಿಮ್ಮ ಕೈಲೇ ಇದೆ. ಗೇಟು ಹೆದ್ದಾರಿ ಬಿಟ್ಟು ಒಳಗಡೆ ರೋಡಿಗೆ ತೆರೆಯೋ ಹಾಗಿದ್ರೆ ಶಾಲೆ ನೋಡ್ಕೊಳ್ಳೋ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರ ಹತ್ರ ಮಾತಾಡಿ ದಿನಾ ಆ ಗೇಟೇ ಬಳಸಿ, ನಾನು ನೋಡಿದ ಎರಡು ಸ್ಕೂಲಲ್ಲಿ ಅರ್ಧ ಅಪಾಯ ಅಲ್ಲೇ ಹೋಯ್ತು.

ಪ್ರಶ್ನೆ: ರೋಡ್ ಸೇಫ್ಟಿ ಆಡಿಟ್ ಅಂದ್ರೆ ಹೊಸ ರೋಡಿನ ಡಿಸೈನ್ ನೋಡೋದು ಅಂತ ಓದಿದ್ದೀವಿ. ಹಳೇ ರೋಡಿಗೂ ಮಾಡ್ತಾರಾ? ಸ್ಟಾರ್ ಕೊಡ್ತಾರೆ ಅಂತಾರಲ್ಲ, ನಿಜಾನಾ? (ದಾವಣಗೆರೆಯ ಸಿವಿಲ್ ವಿದ್ಯಾರ್ಥಿ)

ಉತ್ತರ: ಮಾಡ್ತಾರೆ ತಮ್ಮಾ. ಡಿಸೈನ್ ಹಂತ, ಕಟ್ಟೋ ಹಂತ, ತೆರೆಯೋ ಮುಂಚೆ, ಆಮೇಲೆ ಓಡಾಟ ಶುರುವಾದ ಮೇಲೂ. ಮುಖ್ಯ ವಿಷ್ಯ ಏನಂದ್ರೆ ರೋಡ್ ಕಟ್ಟಿದವ್ರೇ ಆಡಿಟ್ ಮಾಡ್ಬಾರ್ದು, ಹೊರಗಿನ ಕಣ್ಣು ಬೇಕು. ಐಆರ್‌ಸಿ ಎಸ್‌ಪಿ 88 ಅನ್ನೋ ಕೈಪಿಡಿ ಇದೆ, ಅದರ ಚೆಕ್‌ಲಿಸ್ಟ್ ಓದು.

ಸ್ಟಾರ್ ವಿಷ್ಯಾನೂ ನಿಜ. ಐರ್ಯಾಪ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಕ್ಯಾಮೆರಾ ಕಟ್ಟಿದ ಗಾಡಿ ರೋಡ್ ಉದ್ದಕ್ಕೂ ಹೋಗತ್ತೆ, ಪ್ರತಿ 100 ಮೀಟರಿಗೂ ಐವತ್ತಕ್ಕೂ ಜಾಸ್ತಿ ಅಂಶ ಗುರುತಿಸ್ತಾರೆ, ತಿರುವು ಎಷ್ಟು, ಪಕ್ಕದಲ್ಲಿ ಮರ ಇದ್ಯಾ, ಹಳ್ಳ ಇದ್ಯಾ, ಅಂಚು ಎಷ್ಟಗಲ, ಫುಟ್‌ಪಾತ್ ಇದ್ಯಾ ಇತ್ಯಾದಿ, ಆಮೇಲೆ ಒಂದರಿಂದ ಐದು ಸ್ಟಾರ್ ಕೊಡ್ತಾರೆ. ನಂಗೆ ಇದ್ರಲ್ಲಿ ತುಂಬಾ ಹಿಡಿಸಿದ್ದು ಏನಂದ್ರೆ ಕಾರಿನವರಿಗೆ ಬೇರೆ, ಬೈಕಿನವರಿಗೆ ಬೇರೆ, ನಡೆಯೋರಿಗೆ ಬೇರೆ, ಸೈಕಲಿಗೆ ಬೇರೆ ಸ್ಟಾರು. ಕಾರಿಗೆ ಮೂರು ಸ್ಟಾರ್ ಇರೋ ರೋಡು ನಡೆಯೋ ಅಜ್ಜಿಗೆ ಒಂದೇ ಸ್ಟಾರ್ ಆಗಿರ್ಬಹುದು, ಅದು ಕಾಗದದ ಮೇಲೆ ಕಾಣೋ ಹಾಗೆ ಮಾಡತ್ತೆ ಈ ಪದ್ಧತಿ. ಮತ್ತೆ ಇಲ್ಲಿ ಸಾವಿಗೆ ಕಾಯೋ ಹಾಗಿಲ್ಲ, ರೋಡ್ ನೋಡಿಯೇ ಹೇಳ್ತಾರೆ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಂದ್ರೆ ಬೆಳಗಾವಿ–ಯರಗಟ್ಟಿ ರೋಡ್ ನೋಡು. ರಾಜ್ಯ ಹೆದ್ದಾರಿ ಸುಧಾರಣೆಯ ಕೆಶಿಪ್ ಯೋಜನೇಲಿ, ವಿಶ್ವಬ್ಯಾಂಕ್ ಸಾಲದಲ್ಲಿ, ಸುಮಾರು 62 ಕಿ.ಮೀ. ಉದ್ದಕ್ಕೆ ಸುರಕ್ಷಿತ ಕಾರಿಡಾರ್ ಅಂತ ಮಾಡಿದ್ರು. ಅಂಚು ಅಗಲ ಮಾಡಿ, ಜಂಕ್ಷನ್ ಸರಿ ಮಾಡಿ, ಊರೊಳಗೆ ನಡೆಯೋಕೆ ಜಾಗ ಕೊಟ್ಟು, ಅದರ ಜೊತೆಗೇ ಪೊಲೀಸ್ ಗಸ್ತು, ವೇಗದ ತಪಾಸಣೆ, ಗಾಯಾಳುಗಳಿಗೆ ಬೇಗ ಚಿಕಿತ್ಸೆ, ಎಲ್ಲಾ ಇಲಾಖೇನೂ ಒಂದೇ ರೋಡಿನ ಮೇಲೆ ಕೂಡಿಸಿದ್ರು. ಸಾವಿನ ಅಪಘಾತ ಹೆಚ್ಚು ಕಮ್ಮಿ ಅರ್ಧಕ್ಕೆ ಇಳೀತು. ಡಾಂಬರು ಒಂದರಿಂದ ಆಗಿದ್ದಲ್ಲ ಅದು.

ನೀನು ಪ್ರಾಜೆಕ್ಟ್ ಮಾಡೋದಾದ್ರೆ ಒಂದು ಎಚ್ಚರ. ಒಂದು ಜಾಗದಲ್ಲಿ ಒಂದು ವರ್ಷ ಅಪಘಾತ ಜಾಸ್ತಿ ಆಯ್ತು ಅಂತ ಏನೋ ಹಾಕಿ, ಮುಂದಿನ ವರ್ಷ ಕಮ್ಮಿ ಆಯ್ತು, ನಮ್ಮದೇ ಫಲ ಅಂತ ಬರೀಬೇಡ. ಏನೂ ಮಾಡದೇ ಬಿಟ್ಟಿದ್ರೂ ಕಮ್ಮಿ ಆಗ್ತಿತ್ತೇನೋ, ಏರಿದ್ದು ಇಳಿಯೋದು ಸಹಜ. ಹಿಂದೆ ಮೂರು ವರ್ಷ, ಮುಂದೆ ಮೂರು ವರ್ಷ ನೋಡ್ಬೇಕು, ಅಂಥದ್ದೇ ಇನ್ನೊಂದು ಏನೂ ಮಾಡದ ಜಾಗದ ಜೊತೆ ಹೋಲಿಸ್ಬೇಕು.

ಪ್ರಶ್ನೆ: ರೋಡ್ ಮೇಲೆ ಹುರುಳಿ, ರಾಗಿ ಒಕ್ಕಣೆ ಮಾಡ್ಬೇಡಿ ಅಂತ ಎಲ್ಲರೂ ಬೈತಾರೆ. ನಮಗೆ ಕಣ ಎಲ್ಲಿದೆ ಸ್ವಾಮಿ? (ಪಾವಗಡ ಕಡೆಯ ರೈತರು)

ಉತ್ತರ: ಯಜಮಾನ್ರೇ, ನಿಮ್ಮ ಕಷ್ಟ ಗೊತ್ತು, ಹಿಂದೆ ಸಗಣಿ ಬಳಿದು ಕಣ ಮಾಡ್ತಿದ್ದ ಜಾಗ ಈಗ ಪಾಲಾಗಿ ಹೋಗಿದೆ, ಕೂಲಿಯವರು ಸಿಗಲ್ಲ, ಬಸ್ಸು ಲಾರಿ ಚಕ್ರ ಪುಕ್ಕಟೆ ಒಕ್ಕತ್ತೆ. ಆದ್ರೆ ಒಣಗಿದ ಹುರುಳಿ ಸೊಪ್ಪಿನ ಮೇಲೆ ಬೈಕ್ ಚಕ್ರ ಎಣ್ಣೆ ಮೇಲೆ ಹೋದ ಹಾಗೆ ಜಾರತ್ತೆ, ಕಾರಿನ ಅಡಿಗೆ ಹುಲ್ಲು ಸುತ್ಕೊಂಡು ಬಿಸಿ ಆಗಿ ಬೆಂಕಿ ಹತ್ತಿದ್ದೂ ಇದೆ. ನರೇಗಾದಲ್ಲಿ ಒಕ್ಕಣೆ ಕಣ ಮಾಡಿಸ್ಕೊಳ್ಳೋಕೆ ಅವಕಾಶ ಇತ್ತು, ಈಗ ಯಾವ ಯೋಜನೇಲಿ ಆಗತ್ತೆ ಅಂತ ಪಂಚಾಯ್ತಿ ಪಿಡಿಒ ಹತ್ರ ಸುಗ್ಗಿಗೆ ಆರು ತಿಂಗಳು ಮುಂಚೆ ಕೇಳಿ, ಗ್ರಾಮಸಭೇಲಿ ಹೆಸರು ಬರೆಸಿ. ಬೈಯೋ ಅಧಿಕಾರಿಗಳೂ ಕೇಳಿಸ್ಕೊಳ್ಳಲಿ, ಕಣ ಕೊಡದೇ ಕೇಸ್ ಹಾಕೋದ್ರಿಂದ ಒಕ್ಕಣೆ ನಿಲ್ಲಲ್ಲ, ರಾತ್ರಿಗೆ ಹೋಗತ್ತೆ, ಅದು ಇನ್ನೂ ಕೆಟ್ಟದ್ದು.

ಪ್ರಶ್ನೆ: ಘಾಟಿ ತಿರುವಲ್ಲಿ ಹೊಸದಾಗಿ ಕಬ್ಬಿಣದ ತಡೆ ಹಾಕಿದ್ದಾರೆ, ಈಗ ಸೇಫ್ ತಾನೇ? (ಮೂಡಿಗೆರೆ)

ಉತ್ತರ: ತಡೆಯ ತುದಿ ನೋಡಿ. ತುದಿ ಬರೋ ಗಾಡಿಗೆ ಎದುರಾಗಿ ಈಟಿ ಥರ ನಿಂತಿದ್ರೆ ಕಾರಿನ ಒಳಗೇ ನುಗ್ಗತ್ತೆ, ಅದನ್ನ ಹೊರಕ್ಕೆ ಬಾಗಿಸಿ ಮಣ್ಣು ದಿಬ್ಬಕ್ಕೆ ಸೇರಿಸಿರ್ಬೇಕು, ಇಲ್ಲಾಂದ್ರೆ ಪೆಟ್ಟು ಹೀರೋ ತುದಿ ಹಾಕಿರ್ಬೇಕು. ಸೇತುವೆ ಗೋಡೆಗೂ ತಡೆಗೂ ಮಧ್ಯ ಸಂದಿ ಬಿಟ್ಟಿದ್ರೆ ಫೋಟೋ ತೆಗೆದು ಕಳಿಸಿ. ತಿರುವಿನ ಹೊರ ಅಂಚಲ್ಲಿ ಬಾಣದ ಗುರುತಿನ ಬೋರ್ಡುಗಳು ಸಾಲಾಗಿ ಮಂಜಲ್ಲೂ ಕಾಣ್ಬೇಕು. ಹಾಗೇ ಹೊಸ ಡಾಂಬರು ಹಾಕಿದ ಕಡೆ ಅಂಚು ಗೇಣುದ್ದ ಎತ್ತರ ಆಗಿ ಮಣ್ಣು ಕೆಳಗೇ ಉಳಿದಿದ್ಯಾ ನೋಡಿ, ಚಕ್ರ ಕೆಳಗಿಳಿದ ಬೈಕು ಮತ್ತೆ ಹತ್ತೋಕೆ ಹೋಗಿ ಮಗುಚ್ಕೊಳ್ಳೋದು ಅಲ್ಲೇ.

ಪ್ರಶ್ನೆ: 22 ವರ್ಷದಿಂದ ಲಾರಿ ಓಡಿಸ್ತಾ ಇದ್ದೀನಿ. ಏನೇ ಆದ್ರೂ ಡ್ರೈವರ್ ತಪ್ಪು ಅಂತಾನೇ ಬರೀತಾರೆ. ರೋಡಿನ ತಪ್ಪು ಅಂತ ಯಾರಾದ್ರೂ ಬರ್ದಿದ್ದು ಇದ್ಯಾ? (ಹುಬ್ಬಳ್ಳಿ)

ಉತ್ತರ: ನಿಮ್ಮ ಮಾತಲ್ಲಿ ನಿಜ ಇದೆ ಅಣ್ಣಾ. 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೇಲಿ ಸತ್ರು, ನಮ್ಮ ರಾಜ್ಯದಲ್ಲೇ 11,702. ಸತ್ತವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಅತಿ ವೇಗದ ಕಾರಣಕ್ಕೆ ಅಂತ ಸರ್ಕಾರಿ ವರದೀಲಿ ಬರತ್ತೆ. ವೇಗ ಕೊಲ್ಲತ್ತೆ, ಅದ್ರಲ್ಲಿ ನಂಗೆ ಅನುಮಾನ ಇಲ್ಲ, ನೀವೂ ನಿಧಾನ ಹೋಗಿ. ಆದ್ರೆ ಎಫ್‌ಐಆರ್ ಅನ್ನೋದು ಅಪರಾಧಿ ಯಾರು ಅಂತ ಹುಡುಕೋ ಕಾಗದ, ಮೊದ್ಲು ಐಪಿಸಿ 279, 304ಎ, ಈಗ ಅದರ ಬದ್ಲು ಬಂದ ಭಾರತೀಯ ನ್ಯಾಯ ಸಂಹಿತೆಯ 281, 106, ಎಲ್ಲಾ ಅಜಾಗರೂಕ ಚಾಲನೆ ಅಂತಾನೇ. ರೋಡಲ್ಲಿ ಏನು ಕಾರಣ ಇತ್ತು ಅಂತ ಕೇಳೋ ಜಾಗ ಅದಲ್ಲ. ಆ ಪ್ರಶ್ನೆ ಕೇಳೋಕೆ ಅಂತಾನೇ ತಪಾಸಣೆ ಬೇಕು ಅಂತ ನಾನು ಇಷ್ಟು ವರ್ಷದಿಂದ ಬಡ್ಕೊಳ್ತಿರೋದು.

ನಿಮ್ಮೂರಿನ ಬೈಪಾಸೇ ನೋಡಿ. ಬೆಂಗಳೂರು ಕಡೆಯಿಂದಾನೂ ನಾಲ್ಕು ಪಥ, ಬೆಳಗಾವಿ ಕಡೆಯಿಂದಾನೂ ನಾಲ್ಕು ಪಥ, ಮಧ್ಯ ಹುಬ್ಬಳ್ಳಿ–ಧಾರವಾಡ ಬೈಪಾಸ್ ಸುಮಾರು 30 ಕಿ.ಮೀ. ಎರಡೇ ಪಥ ಇತ್ತು, ನಡುವೆ ಮೀಡಿಯನ್ ಇರ್ಲಿಲ್ಲ. ನೂರಾರು ಕಿಲೋಮೀಟರ್ ಎದುರು ಗಾಡಿಯೇ ಇಲ್ಲದ ರೋಡಲ್ಲಿ ಬಂದ ಕೈಗೆ ದಿಢೀರ್ ಅಂತ ಎದುರಿಂದ ಲಾರಿ. 2021ರ ಜನವರಿ 15, ಸಂಕ್ರಾಂತಿ ಮಾರನೇ ದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟ ಗೆಳತಿಯರ ಟೆಂಪೋ ಟ್ರಾವೆಲರ್ ಇಟಿಗಟ್ಟಿ ಹತ್ರ ಟಿಪ್ಪರ್ ಜೊತೆ ಮುಖಾಮುಖಿ ಆಯ್ತು, ಅವತ್ತೇ 11 ಜನ ಹೋದ್ರು. ಆ ರೋಡ್ ಅಪಾಯ ಅಂತ ಅದಕ್ಕೂ ಎಷ್ಟೋ ವರ್ಷ ಮುಂಚೆಯಿಂದ ಊರಿನ ಜನ ಹೇಳ್ತಾನೇ ಇದ್ರು, ಅಗಲ ಮಾಡೋ ಕೆಲ್ಸ ಶುರುವಾಗಿದ್ದು ಮಾತ್ರ ಆಮೇಲೆ. ಆ ಹೆಣ್ಮಕ್ಕಳ ನೆನಪಾದ್ರೆ ಈಗ್ಲೂ ಗಂಟಲು ಕಟ್ಟತ್ತೆ.

ಇದಕ್ಕೆ ಉಲ್ಟಾನೂ ಆಗಿದೆ, ರೋಡು ಹೊಸದು, ಅಗಲ, ಆದ್ರೂ ಸಾವು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ಬರದ ವಾರ ಇರ್ಲಿಲ್ಲ. ಆಮೇಲೆ ಹೊರಗಿನ ತಜ್ಞರ ತಂಡ ಬಂದು ನೋಡ್ತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಮುಖ್ಯ ರಸ್ತೆಗೆ ಬರೋದು ನಿಲ್ಲಿಸಿದ್ರು, ಕ್ಯಾಮೆರಾ ಹಾಕಿ 100 ದಾಟಿದವರಿಗೆ ಕೇಸ್ ಹಾಕಿದ್ರು, ಬೇಲಿ ಸರಿ ಮಾಡಿದ್ರು. 2024ರಲ್ಲಿ ಸಾವು ಹಿಂದಿನ ವರ್ಷಕ್ಕಿಂತ ತುಂಬಾ ಇಳೀತು. ಓಡಿಸೋ ಜನ ಅದೇ ಜನ. ಬೈಕಿನವರಿಗೆ ಸರ್ವಿಸ್ ರೋಡ್ ಸರಿಯಾಗಿ ಕೊಡೋದು, ಹಳ್ಳಿಯವರಿಗೆ ದಾಟೋಕೆ ಮೇಲ್ಸೇತುವೆ ಕೊಡೋದು ಅದೇ ಹೊತ್ತಲ್ಲಿ ಆಗ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಕಾನೂನು ಕೇಳಿದ್ರೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಸೇರಿಸಿದ್ರು. ರಸ್ತೆ ಡಿಸೈನು, ಕಟ್ಟೋದು, ನೋಡ್ಕೊಳ್ಳೋದು ನಿಯಮದ ಪ್ರಕಾರ ಇಲ್ಲದೇ ಸಾವು ಇಲ್ಲಾ ಅಂಗ ಊನ ಆದ್ರೆ ಅಧಿಕಾರಿ, ಕಂಟ್ರಾಕ್ಟರ್, ಕನ್ಸಲ್ಟೆಂಟ್ ಯಾರೇ ಆಗ್ಲಿ ಒಂದು ಲಕ್ಷದ ತನಕ ದಂಡ. ಒಂದು ಜೀವಕ್ಕೆ ಒಂದು ಲಕ್ಷ ಏನೂ ಅಲ್ಲ, ಆದ್ರೂ ರೋಡಿಗೂ ಹೊಣೆ ಇದೆ ಅಂತ ಕಾನೂನಿನ ಪುಸ್ತಕದಲ್ಲಿ ಬಂತಲ್ಲ, ಅದನ್ನ ವಕೀಲರಿಗೆ ತೋರಿಸಿ ಬಳಸ್ಬೇಕು.

22 ವರ್ಷ ಅಂದ್ರೆ ನಿಮಗೆ ಗೊತ್ತಿರೋಷ್ಟು ರೋಡು ಯಾವ ಇಂಜಿನಿಯರಿಗೂ ಗೊತ್ತಿರಲ್ಲ. ಎಲ್ಲಿ ಬೋರ್ಡ್ ಇಲ್ಲ, ಎಲ್ಲಿ ಮೀಡಿಯನ್ ಒಡೆದು ಡಾಬಾಗೆ ದಾರಿ ಮಾಡ್ಕೊಂಡಿದ್ದಾರೆ, ಕಬ್ಬಿನ ಸೀಸನಲ್ಲಿ ಹಿಂದೆ ಲೈಟಿಲ್ಲದ ಟ್ರೇಲರ್ ಎಲ್ಲಿ ನಿಲ್ಲತ್ತೆ, ಮಳೆ ನೀರು ಎಲ್ಲಿ ರೋಡ್ ಮೇಲೆ ನಿಲ್ಲತ್ತೆ, ಇವನ್ನೆಲ್ಲ ಕಿಲೋಮೀಟರ್ ಕಲ್ಲಿನ ನಂಬರ್ ಹಾಕಿ ನಂಗೆ ಕಳಿಸಿ. ನ್ಯಾಷನಲ್ ಹೈವೇ ಆದ್ರೆ 1033ಕ್ಕೂ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಬರ್ಕೊಳ್ಳಿ. ನಿಮ್ಮ ಓನರ್ ಒಪ್ಪಿದ್ರೆ ಒಂದು ರಾತ್ರಿ ನಿಮ್ಮ ಲಾರೀಲೇ ಪಕ್ಕದಲ್ಲಿ ಕೂತು ಬರ್ತೀನಿ, ಹಾಳೆ, ಪೆನ್ನು, ಟಾರ್ಚು ನಾನು ತರ್ತೀನಿ.